ಪರಿವೀಕ್ಷಣಾಧಿಕಾರಿಗಳನ್ನು ನೇಮಿಸಿ, ಅವರ ಹೊರೆ ಇಳಿಸಿ

ಈ ನಾಡಿನ ಶಾಸಕರೇ, ನ್ಯಾಯಾಧೀಶರೇ, ವಕೀಲ ಬಂಧುಗಳೇ, ಮಕ್ಕಳನ್ನು ಹೆತ್ತು ಸಾಕುತ್ತಿರುವ ತಂದೆತಾಯಿಗಳೇ, ನಿಮ್ಮೆದುರು ಒಂದು ಅಹವಾಲು ಇಡುತ್ತಿದ್ದೇನೆ. ಇದರ ಹಿಂದೆ ಮತಬ್ಯಾಂಕ್ ಇಲ್ಲ, ಸಂಘಟನೆಯ ಬಲವೂ ಇಲ್ಲ. ಇದರಿಂದ ಯಾರಿಗೆ ಒಳ್ಳೆಯದಾಗಬೇಕೋ ಅವರು ಧರಣಿ ಕೂರುವ ಸ್ಥಿತಿಯಲ್ಲಿಲ್ಲ. ಅವರಲ್ಲಿ ಕೆಲವರು ವೀಕ್ಷಣಾಲಯದಲ್ಲಿದ್ದಾರೆ, ಕೆಲವರು ಸೆರೆಮನೆಯಲ್ಲಿದ್ದಾರೆ, ಇನ್ನು ಕೆಲವರು ಕೋರ್ಟಿನ ಜಗಲಿಯಲ್ಲಿ ತಲೆ ತಗ್ಗಿಸಿ ಕೂತು ತಮ್ಮ ಹೆಸರು ಕೂಗುವುದನ್ನು ಕಾಯುತ್ತಿದ್ದಾರೆ.

ಮೊದಲ ಸಲ ತಪ್ಪು ಮಾಡಿ ಕಟಕಟೆಯಲ್ಲಿ ನಿಂತ ಹುಡುಗನ ಮನೆಗೆ ಯಾರಾದರೂ ಹೋಗಬೇಕು. ಅವನು ಯಾರ ಮಗ, ಯಾಕೆ ಹೀಗಾಯಿತು, ಅವನನ್ನು ತಿದ್ದಲು ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ ಬಂದು ನ್ಯಾಯಾಲಯಕ್ಕೆ ತಿಳಿಸಬೇಕು. ಅವನನ್ನು ಮನೆಗೆ ಕಳಿಸಿದ ಮೇಲೂ ವರ್ಷ, ಎರಡು ವರ್ಷ ಅವನ ಬೆನ್ನಿಗಿರಬೇಕು. ಆ ಕೆಲಸ ಮಾಡುವವರನ್ನು ಕಾನೂನು ಪರಿವೀಕ್ಷಣಾಧಿಕಾರಿ ಎನ್ನುತ್ತದೆ. ಕೋರ್ಟಿನ ಆವರಣದಲ್ಲಿ ಪ್ರೊಬೇಷನ್ ಆಫೀಸರ್ ಎನ್ನುತ್ತಾರೆ. ಅಂಥವರನ್ನು ಬೇಕಾದಷ್ಟು ಸಂಖ್ಯೆಯಲ್ಲಿ, ಕಾಯಂ ಆಗಿ ನೇಮಿಸಿ. ನೇಮಿಸಿದವರ ಮೇಲೆ ಹೊರಲಾಗದಷ್ಟು ಹೊರೆ ಹೇರಬೇಡಿ. ನನ್ನ ಅಹವಾಲು ಇಷ್ಟೇ.

ಇದು ಹೊಸ ಬೇಡಿಕೆಯಲ್ಲ. 1841ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಅಗಸ್ಟಸ್ ಎಂಬ ಬೂಟು ಹೊಲಿಯುವವನು ಕುಡಿತದ ಆರೋಪದ ಮೇಲೆ ಕೋರ್ಟಿಗೆ ಬಂದ ಒಬ್ಬನಿಗೆ ಜಾಮೀನು ನಿಂತು, ಇವನನ್ನು ನಾನು ತಿದ್ದುತ್ತೇನೆ ಎಂದು ಮಾತು ಕೊಟ್ಟ. 1859ರಲ್ಲಿ ಸಾಯುವ ಹೊತ್ತಿಗೆ ಎರಡು ಸಾವಿರದ ಸಮೀಪ ಮಂದಿಗೆ ಹಾಗೆ ಹೊಣೆ ನಿಂತಿದ್ದ. ಇಂಗ್ಲೆಂಡ್ 1907ರಲ್ಲಿ ಇದನ್ನು ಕಾನೂನು ಮಾಡಿತು. ನಮ್ಮಲ್ಲಿ 1919–20ರ ಜೈಲು ಸಮಿತಿ ಇದರ ಪರ ಮಾತಾಡಿತು. ಮದರಾಸು ಪ್ರಾಂತ 1936ರಲ್ಲಿ, ಮುಂಬಯಿ ಪ್ರಾಂತ 1938ರಲ್ಲಿ ತಮ್ಮ ತಮ್ಮ ಕಾಯ್ದೆ ತಂದವು. ಸ್ವಾತಂತ್ರ್ಯ ಬಂದ ಮೇಲೆ, 1958ರಲ್ಲಿ, ಸಂಸತ್ತು ಇಡೀ ದೇಶಕ್ಕಾಗಿ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಬರೀ 19 ಸೆಕ್ಷನ್‌ಗಳ ಸಣ್ಣ ಕಾಯ್ದೆ. ಓದಿ ನೋಡಿ, ನಮ್ಮ ದಂಡಸಂಹಿತೆಯ ಪಕ್ಕದಲ್ಲಿ ಇಷ್ಟು ಕರುಣೆಯ ಪುಟಗಳು ಬೇರೆ ಇಲ್ಲ.

ಆ ಕಾಯ್ದೆ ಹೇಳುವುದೇನು? ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇಲ್ಲದ ಅಪರಾಧವಾದರೆ, ಪ್ರಕರಣದ ಸಂದರ್ಭವನ್ನೂ ಅಪರಾಧಿಯ ನಡತೆಯನ್ನೂ ನೋಡಿ ನ್ಯಾಯಾಲಯ ಅವನನ್ನು ಸೆರೆಮನೆಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಮೂರು ವರ್ಷ ಮೀರದ ಅವಧಿಗೆ ಅವನು ಆ ಮುಚ್ಚಳಿಕೆಗೆ ಕಟ್ಟುಬಿದ್ದಿರಬೇಕು. ಮೇಲ್ವಿಚಾರಣೆ ಬೇಕೆನಿಸಿದರೆ ಕನಿಷ್ಠ ಒಂದು ವರ್ಷ ಪರಿವೀಕ್ಷಣಾಧಿಕಾರಿಯ ಕಣ್ಣಡಿಯಲ್ಲಿ ಇರಬೇಕು. ನೊಂದವರಿಗೆ ಪರಿಹಾರ ಕೊಡಿಸಲು ಸೆಕ್ಷನ್ 5 ಇದೆ. 21 ವರ್ಷದೊಳಗಿನವರ ವಿಷಯದಲ್ಲಂತೂ ಸೆಕ್ಷನ್ 6 ಇನ್ನೂ ಖಚಿತ: ಪರಿವೀಕ್ಷಣಾಧಿಕಾರಿಯಿಂದ ವರದಿ ಕೇಳಬೇಕು, ಅನಿವಾರ್ಯವೆಂದು ಮನಗಾಣದೆ ಸೆರೆವಾಸ ವಿಧಿಸಬಾರದು, ವಿಧಿಸಿದರೆ ಕಾರಣ ಬರೆಯಬೇಕು. ಸೆಕ್ಷನ್ 12 ಇನ್ನೊಂದು ದೊಡ್ಡ ಉಪಕಾರ ಮಾಡಿದೆ. ಹೀಗೆ ಬಿಡುಗಡೆಯಾದವನಿಗೆ ಅಪರಾಧ ಸಾಬೀತಾದುದರಿಂದ ಬರುವ ಅನರ್ಹತೆ ತಟ್ಟಬಾರದು ಎಂದಿದೆ. ಇಪ್ಪತ್ತರ ವಯಸ್ಸಿನ ಒಂದು ತಪ್ಪು ನಲವತ್ತರಲ್ಲೂ ಅನ್ನ ಕಸಿಯಬಾರದೆಂಬುದು ಇದರ ಆಶಯ.

ಇದರ ತಿರುಳು ವರದಿಯಲ್ಲಿದೆ. ಸೆಕ್ಷನ್ 4ರ ಅಡಿ ಬಿಡುಗಡೆ ಮಾಡುವ ಮೊದಲು ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಲೇಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಅದಕ್ಕೂ ಮೊದಲು, 1980ರಲ್ಲಿ, ವೇದಪ್ರಕಾಶ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ, ಶಿಕ್ಷೆ ವಿಧಿಸುವ ನ್ಯಾಯಾಧೀಶರು ಅಪರಾಧಿಯ ಬದುಕಿನ ವಿವರಗಳನ್ನು ತಾವೇ ಮುಂದಾಗಿ ಕಲೆಹಾಕಬೇಕೆಂದು ಎಚ್ಚರಿಸಿತ್ತು. ಈ ಎರಡು ಮಾತನ್ನೂ ಒಟ್ಟಿಗಿಟ್ಟು ನೋಡಿ. ಅಧಿಕಾರಿ ಇಲ್ಲದಿದ್ದರೆ ವರದಿ ಇಲ್ಲ. ವರದಿ ಇಲ್ಲದಿದ್ದರೆ ಬಿಡುಗಡೆಯ ದಾರಿ ಕಿರಿದಾಗುತ್ತದೆ. ಸಂಸತ್ತು ತೆರೆದ ಬಾಗಿಲನ್ನು ಒಂದು ಖಾಲಿ ಹುದ್ದೆ ಸದ್ದಿಲ್ಲದೆ ಮುಚ್ಚಿಬಿಡುತ್ತದೆ.

ಆ ವರದಿ ಹೇಗೆ ತಯಾರಾಗಬೇಕು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಲೆನಾಡಿನ ಒಂದು ಊರಿನಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಅಂಗಳದಲ್ಲಿ ಒಣಗಲು ಹರವಿದ್ದ ಅಡಿಕೆಯನ್ನು ಕದ್ದು ಸಿಕ್ಕಿಬಿದ್ದ ಎಂದುಕೊಳ್ಳಿ. ಪೊಲೀಸರ ದೋಷಾರೋಪ ಪಟ್ಟಿಯಲ್ಲಿ ಎಷ್ಟು ಕೆ.ಜಿ. ಅಡಿಕೆ, ಎಷ್ಟು ಗಂಟೆಗೆ, ಯಾವ ಚೀಲದಲ್ಲಿ ಎಂಬುದೆಲ್ಲ ಇರುತ್ತದೆ, ಹುಡುಗ ಇರುವುದಿಲ್ಲ. ಹುಡುಗನನ್ನು ಹುಡುಕಿಕೊಂಡು ಪರಿವೀಕ್ಷಣಾಧಿಕಾರಿ ಬಸ್ಸು ಹತ್ತಬೇಕು. ಮುಖ್ಯರಸ್ತೆಯಲ್ಲಿ ಇಳಿದು ಮನೆ ಕೇಳಿಕೊಂಡು ನಡೆಯಬೇಕು. ಅವರು ಹೋದ ಹೊತ್ತಿಗೆ ತಾಯಿ ಕೂಲಿಗೆ ಹೋಗಿರುತ್ತಾಳೆ, ಸಂಜೆವರೆಗೆ ಕಾಯಬೇಕು. ತಾಯಿ ಮೊದಲು ಬಾಯಿ ಬಿಡುವುದಿಲ್ಲ. ಬಂದವರು ಪೊಲೀಸರಲ್ಲ ಎಂದು ನಂಬಿಕೆ ಬರಬೇಕು. ಆಮೇಲೆ ಒಂದೊಂದೇ ಮಾತು ಹೊರಗೆ ಬರುತ್ತದೆ: ಮನೆ ಯಜಮಾನ ಮರದಿಂದ ಬಿದ್ದು ಹಾಸಿಗೆ ಹಿಡಿದದ್ದು, ಸಂಘದ ಸಾಲದ ವಾರದ ಕಂತು ತಪ್ಪಿದ್ದು, ಮಗ ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ವಿಷಯ ಉಳಿಸಿಕೊಂಡು ಶಾಲೆ ಬಿಟ್ಟದ್ದು. ಅಲ್ಲಿಂದ ಎದ್ದು ಶಾಲೆಯ ಹೆಡ್‌ಮಾಸ್ತರರನ್ನು ಕಾಣಬೇಕು. ಊರಿನ ನಾಲ್ಕು ಜನರನ್ನು ಕೇಳಬೇಕು. ಅಡಿಕೆ ಕಳಕೊಂಡವರ ಮನೆಗೂ ಹೋಗಬೇಕು. ಅವರ ನಷ್ಟವೂ ನಿಜ, ಅವರ ಸಿಟ್ಟೂ ನ್ಯಾಯ. ಹುಡುಗ ತಪ್ಪೊಪ್ಪಿಕೊಂಡು ದುಡಿದು ತೀರಿಸಿದರೆ ಅವರಿಗೆ ಸಮಾಧಾನವೇ, ಅವನು ಊರಲ್ಲೇ ಇದ್ದರೆ ಅವರಿಗೆ ಭಯವೇ ಎಂದು ಕೇಳಿ ಬರೆದುಕೊಳ್ಳಬೇಕು.

ಇಷ್ಟಾದ ಮೇಲೆ ಬರೆದ ಮೂರು ಪುಟಕ್ಕೆ ಬೆಲೆ ಇದೆ. ನ್ಯಾಯಾಧೀಶರು ಅದನ್ನು ಓದಿ ಹುಡುಗನನ್ನು ಬಿಡಬಹುದು. ಈತನಿಗೆ ಮನೆಯಲ್ಲಿ ಹಿಡಿತವಿಲ್ಲ, ಬಿಟ್ಟರೆ ಅಪಾಯ ಎಂದು ಗೊತ್ತಾದರೆ ಬಿಡದೆಯೂ ಇರಬಹುದು. ಎರಡೂ ತಿಳಿದು ಮಾಡಿದ ತೀರ್ಮಾನ. ಬಿಟ್ಟರೆ ಅಲ್ಲಿಗೆ ಮುಗಿಯಲಿಲ್ಲ. ಸೆಕ್ಷನ್ 14ರ ಪ್ರಕಾರ ಅವನನ್ನು ನೋಡಿಕೊಳ್ಳುವುದು, ತಕ್ಕ ಕೆಲಸ ಹುಡುಕಿಕೊಡಲು ಯತ್ನಿಸುವುದು, ಪರಿಹಾರದ ಹಣ ಕಟ್ಟಲು ನೆರವಾಗುವುದು, ಬುದ್ಧಿ ಹೇಳುವುದು ಎಲ್ಲವೂ ಅದೇ ಅಧಿಕಾರಿಯ ಕರ್ತವ್ಯ. ಗ್ಯಾರೇಜಿನ ಮಾಲೀಕನೊಬ್ಬನನ್ನು ಒಪ್ಪಿಸಿ ಹುಡುಗನನ್ನು ಕೆಲಸಕ್ಕೆ ಸೇರಿಸುವುದೂ, ಮೂರು ತಿಂಗಳ ಮೇಲೆ ಹೋಗಿ ಅವನು ಇನ್ನೂ ಅಲ್ಲೇ ಇದ್ದಾನೆಯೇ ಎಂದು ನೋಡುವುದೂ ಈ ಕೆಲಸದಲ್ಲೇ ಬರುತ್ತದೆ.

ಒಬ್ಬ ಹುಡುಗನಿಗೆ ಇಷ್ಟು. ಈಗ ಇಂಥ ಕಡತಗಳ ರಾಶಿಯ ಮುಂದೆ ಒಬ್ಬರೇ ಅಧಿಕಾರಿಯನ್ನು ಕೂರಿಸಿ ನೋಡಿ. ಮಕ್ಕಳ ಪ್ರಕರಣಗಳನ್ನೇ ತೆಗೆದುಕೊಳ್ಳಿ: ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಮಾರ್ಗಸೂಚಿ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟಿರುವುದು ಒಬ್ಬ ಕಾನೂನು ಮತ್ತು ಪರಿವೀಕ್ಷಣಾಧಿಕಾರಿಯನ್ನು. ಜಿಲ್ಲೆ ಎಷ್ಟು ದೊಡ್ಡದಾದರೂ ಒಬ್ಬರೇ. 2011ರ ಜನಗಣತಿಯಲ್ಲೇ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47 ಲಕ್ಷ ದಾಟಿತ್ತು. ಬೆಳಗಾವಿಯಿಂದ ಅಥಣಿಗೆ, ಕಾರವಾರದಿಂದ ಮುಂಡಗೋಡಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಒಂದು ಮನೆ ಭೇಟಿಗೆ ಒಂದು ದಿನ ಬೇಕು. ಬಾಲ ನ್ಯಾಯ ಮಂಡಳಿಯ ಕಲಾಪ ಇರುವ ದಿನ ಹೊರಗೆ ಹೋಗುವ ಹಾಗಿಲ್ಲ. ಉಳಿದ ದಿನಗಳಲ್ಲಿ ಸಭೆ, ಅಂಕಿಅಂಶ, ಆನ್‌ಲೈನ್ ನಮೂದು, ಬಾಲ್ಯವಿವಾಹದ ದೂರು ಬಂದರೆ ಅತ್ತ ಓಟ, ಬಾಲಕಾರ್ಮಿಕರ ರಕ್ಷಣೆಗೆ ಇತ್ತ ಓಟ. ಪಕ್ಕದ ಹುದ್ದೆ ಖಾಲಿಯಾದರೆ ಅದರ ಹೆಚ್ಚುವರಿ ಪ್ರಭಾರವೂ ಇವರ ಹೆಗಲಿಗೇ. ಸರ್ಕಾರಿ ಕಚೇರಿಗಳನ್ನು ಬಲ್ಲವರಿಗೆ ಆ ಪ್ರಭಾರದ ಸಂಕಟವನ್ನು ನಾನು ವಿವರಿಸಬೇಕಿಲ್ಲ.

ಹದಿನೆಂಟರೊಳಗಿನ ಮಕ್ಕಳ ವಿಷಯದಲ್ಲಿ ಕಾನೂನು ಗಡುವನ್ನೂ ಇಟ್ಟಿದೆ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮಂಡಳಿಯ ಮುಂದೆ ಮೊದಲ ಸಲ ಹಾಜರುಪಡಿಸಿದ 15 ದಿನಗಳೊಳಗೆ ಸಾಮಾಜಿಕ ತನಿಖಾ ವರದಿ ಬರಬೇಕು. ನಾಲ್ಕು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು. ವರದಿಯ ನಮೂನೆಯಲ್ಲಿ ಮಗುವಿನ ಮನೆ, ಶಾಲೆ, ಗೆಳೆಯರು, ಆರೋಗ್ಯ, ದುಡಿಮೆ, ಅದು ಅನುಭವಿಸಿದ ಹಿಂಸೆ ಎಲ್ಲದಕ್ಕೂ ಕಲಂಗಳಿವೆ. ಹದಿನೈದು ದಿನಗಳಲ್ಲಿ ಹತ್ತಾರು ಮಕ್ಕಳ ಮನೆಗೆ ಹೋಗಲಾಗದ ಅಧಿಕಾರಿ ಏನು ಮಾಡುತ್ತಾರೆ? ತಾಯಿಯನ್ನು ಕಚೇರಿಗೆ ಕರೆಸಿಕೊಳ್ಳುತ್ತಾರೆ, ಇಲ್ಲವೇ ಫೋನಿನಲ್ಲಿ ಕೇಳಿಕೊಳ್ಳುತ್ತಾರೆ. ಬಡ ಕುಟುಂಬ, ಕೂಲಿ ಕೆಲಸ, ಸಹವಾಸ ದೋಷ ಎಂದು ತುಂಬಿಸುತ್ತಾರೆ. ಹೆಸರು ಬದಲಾಗುತ್ತದೆ, ವಿಳಾಸ ಬದಲಾಗುತ್ತದೆ, ವರದಿ ಬದಲಾಗುವುದಿಲ್ಲ. ಆ ಮಗು ಮನೆಯಲ್ಲಿ ದಿನವೂ ಏಟು ತಿನ್ನುತ್ತಿತ್ತೇ, ಯಾವುದಾದರೂ ದೊಡ್ಡವರು ಅದನ್ನು ಕಳ್ಳತನಕ್ಕೆ ಬಳಸಿಕೊಂಡರೇ, ಅದಕ್ಕೆ ಓದು ತಲೆಗೆ ಹತ್ತದ ಕಾಯಿಲೆ ಏನಾದರೂ ಇತ್ತೇ ಎಂಬುದು ಆ ಕಾಗದದಲ್ಲಿ ಕಾಣುವುದೇ ಇಲ್ಲ. ಮಂಡಳಿಯ ಪ್ರಧಾನ ಮ್ಯಾಜಿಸ್ಟ್ರೇಟರೂ ಇಬ್ಬರು ಸದಸ್ಯರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದು ಬಾಲ್ಯದ ಬಗ್ಗೆ ತೀರ್ಪು ಕೊಡಬೇಕಾಗುತ್ತದೆ.

ಹದಿನಾರರಿಂದ ಹದಿನೆಂಟರ ನಡುವಿನ ಮಗುವಿನ ಮೇಲೆ ಘೋರ ಅಪರಾಧದ ಆರೋಪ ಇದ್ದರೆ ಈ ಕೊರತೆ ಇನ್ನೂ ಭಯಂಕರ. ಆ ಮಗುವನ್ನು ವಯಸ್ಕರಂತೆ ವಿಚಾರಣೆಗೆ ಒಪ್ಪಿಸಬೇಕೇ ಎಂದು ಮಂಡಳಿ ಪ್ರಾಥಮಿಕ ನಿರ್ಧಾರ ಮಾಡಬೇಕು. ಕೃತ್ಯ ನಡೆದ ಸಂದರ್ಭ, ಮಗುವಿನ ತಿಳಿವಳಿಕೆ, ಮನಸ್ಸಿನ ಸ್ಥಿತಿ ಇವುಗಳನ್ನು ತೂಗಬೇಕು. ತೂಗಲು ಕೈಗೆ ಸಿಗುವ ಕಾಗದಗಳಲ್ಲಿ ಈ ವರದಿಯೂ ಒಂದು. ಅವಸರದಲ್ಲಿ ತುಂಬಿದ ನಾಲ್ಕು ಸಾಲಿನ ಮೇಲೆ ಒಂದು ಜೀವದ ಮುಂದಿನ ಹತ್ತಿಪ್ಪತ್ತು ವರ್ಷ ನಿಲ್ಲುವುದು ನ್ಯಾಯವೇ?

ಬಾಕಿಯ ಲೆಕ್ಕ ನೋಡಿ. 2023ರ ಅಕ್ಟೋಬರ್ 31ರ ಹೊತ್ತಿಗೆ ದೇಶದ 362 ಬಾಲ ನ್ಯಾಯ ಮಂಡಳಿಗಳ ಮುಂದಿದ್ದ ಪ್ರಕರಣಗಳಲ್ಲಿ ಶೇ 55ರಷ್ಟು ಇತ್ಯರ್ಥವಾಗದೆ ಉಳಿದಿದ್ದವು ಎಂದು ಇಂಡಿಯಾ ಜಸ್ಟಿಸ್ ರಿಪೋರ್ಟ್ ಅಧ್ಯಯನ ಹೇಳಿದೆ. ಮಕ್ಕಳ ನ್ಯಾಯ ವ್ಯವಸ್ಥೆಯ ಖಾಲಿ ಹುದ್ದೆಗಳನ್ನು ತುಂಬಿ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲೇ, ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ, ರಾಜ್ಯಗಳಿಗೆ ಹೇಳಿತ್ತು. ಆದೇಶಕ್ಕೆ ಕೊರತೆಯಿಲ್ಲ. ಆದೇಶವನ್ನು ಹೊತ್ತು ಮನೆಮನೆಗೆ ನಡೆಯುವ ಕಾಲುಗಳಿಗೆ ಕೊರತೆ.

ದೊಡ್ಡವರ ಸೆರೆಮನೆಗಳ ಕಥೆಯೂ ನಿಮಗೆ ಗೊತ್ತು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 4,36,266 ಮಂದಿಗೆ ಜಾಗ ಇತ್ತು, ಒಳಗಿದ್ದವರು 5,73,220. ಅವರಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಪರಿವೀಕ್ಷಣೆಯ ಪ್ರಶ್ನೆ ಬರುವುದು ತಪ್ಪು ಸಾಬೀತಾದ ಮೇಲೆ, ಒಪ್ಪುತ್ತೇನೆ. ಆದರೆ ಅಂಥ ಕಿಕ್ಕಿರಿದ ಬರಾಕಿನೊಳಗೆ ಅಡಿಕೆ ಕದ್ದ ಹುಡುಗನನ್ನು ಕಳಿಸಿದರೆ ಅವನು ಯಾರ ಪಕ್ಕ ಮಲಗುತ್ತಾನೆ? ಯಾರ ಬಟ್ಟೆ ಒಗೆಯುತ್ತಾನೆ? ಹೊರಗೆ ಬಂದ ಮೇಲೆ ಯಾರ ಫೋನ್ ನಂಬರ್ ಅವನ ಜೇಬಿನಲ್ಲಿರುತ್ತದೆ? ಆರು ತಿಂಗಳು ಒಳಗಿದ್ದು ಬಂದವನಿಗೆ ಊರಿನಲ್ಲಿ ಹೆಣ್ಣು ಕೊಡುವುದಿಲ್ಲ, ತೋಟದ ಕೆಲಸಕ್ಕೆ ಕರೆಯುವುದಿಲ್ಲ. ಅವನನ್ನು ಕರೆಯುವವರು ಜೈಲಿನಲ್ಲಿ ಪರಿಚಯವಾದವರು ಮಾತ್ರ.

ಈಗ ಹೊಸದೊಂದು ಹೊಣೆಯೂ ಬಂದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಯ ಪಟ್ಟಿಗೆ ಸೇರಿಸಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದವನು ಅದನ್ನು ಹಿಂದಿರುಗಿಸಿದರೆ ಈ ಶಿಕ್ಷೆ ಸಿಗುತ್ತದೆ; ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವನಿಗೂ ಇದನ್ನು ವಿಧಿಸಬಹುದು. ಒಳ್ಳೆಯ ಬದಲಾವಣೆ. ಆದರೆ ಅವನು ಆಸ್ಪತ್ರೆಯ ಅಂಗಳ ಗುಡಿಸಿದನೋ ಇಲ್ಲವೋ, ಅಲ್ಲಿ ಅವನನ್ನು ಮನುಷ್ಯನಂತೆ ನಡೆಸಿಕೊಂಡರೋ ಇಲ್ಲವೋ ನೋಡುವವರು ಯಾರು? ಪರಿವೀಕ್ಷಣಾ ಸೇವೆ ಗಟ್ಟಿಯಾಗಿರುವ ದೇಶಗಳಲ್ಲಿ ಈ ಕೆಲಸ ಅದರದೇ. ನಮ್ಮಲ್ಲಿ ಕೆಲಸ ಹೆಚ್ಚಾಯಿತು, ಕೈ ಹೆಚ್ಚಾಗಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದನ್ನು ಎದುರಿಸಲೇಬೇಕು. ತಪ್ಪು ಮಾಡಿದವನ ಮೇಲೆ ಇಷ್ಟು ಮರುಕವೇ, ನೊಂದವರ ಗತಿ ಏನು ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ನೋವಿದೆ, ಅದನ್ನು ಗೌರವಿಸುತ್ತೇನೆ. ಆದರೆ ಪರಿವೀಕ್ಷಣಾಧಿಕಾರಿ ನೊಂದವರ ಕಾವಲಿಗೂ ಬೇಕಾದವರು. ಯಾರನ್ನು ಬಿಡಬಾರದು ಎಂದು ಹೇಳಬೇಕಾದವರೂ ಅವರೇ. ಬಿಡುಗಡೆಯಾದವನು ದಾರಿ ತಪ್ಪುತ್ತಿದ್ದಾನೆ ಎಂದು ಮೊದಲು ಗುರುತಿಸಿ ಕೋರ್ಟಿಗೆ ತಿಳಿಸಬೇಕಾದವರೂ ಅವರೇ.

ಆ ಸೇವೆಯನ್ನು ಬಡಕಲು ಮಾಡಿದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡ್ ರಕ್ತ ತೆತ್ತು ಕಲಿತಿದೆ. 2014ರಲ್ಲಿ ಅಲ್ಲಿನ ಸರ್ಕಾರ ನೂರು ವರ್ಷ ಹಳೆಯ ಪ್ರೊಬೇಷನ್ ಸೇವೆಯನ್ನು ಒಡೆದು, ಕಡಿಮೆ ಮತ್ತು ಮಧ್ಯಮ ಅಪಾಯದವರ ಮೇಲ್ವಿಚಾರಣೆಯನ್ನು ಖಾಸಗಿ ಕಂಪನಿಗಳಿಗೆ ಒಪ್ಪಿಸಿತು. ಪ್ರಯೋಗ ಸೋತಿತು, 2021ರ ಜೂನ್‌ನಲ್ಲಿ ಸೇವೆಯನ್ನು ಮತ್ತೆ ಒಂದುಗೂಡಿಸಲಾಯಿತು. ಅಷ್ಟರಲ್ಲಿ ಅನುಭವಿಗಳು ಬಿಟ್ಟುಹೋಗಿದ್ದರು, ಹುದ್ದೆಗಳು ಖಾಲಿ ಬಿದ್ದಿದ್ದವು, ಉಳಿದವರ ಮೇಲೆ ಕಡತಗಳು ರಾಶಿ ಬಿದ್ದಿದ್ದವು. 2022ರ ಜೂನ್‌ನಲ್ಲಿ ಪೂರ್ವ ಲಂಡನ್ನಿನ ಇಲ್ಫರ್ಡ್‌ನಲ್ಲಿ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದ 35 ವರ್ಷದ ಕಾನೂನು ಪದವೀಧರೆಯೊಬ್ಬಳನ್ನು ಒಬ್ಬ ಕೊಂದ. ಅವನು ಜೈಲಿನಿಂದ ಬಿಡುಗಡೆಯಾಗಿ ಒಂಬತ್ತು ದಿನವಾಗಿತ್ತು. ಅವನನ್ನು ಹೆಚ್ಚು ಅಪಾಯದವನೆಂದು ಗುರುತಿಸಬೇಕಾಗಿದ್ದ ಕಡೆ ಮಧ್ಯಮ ಎಂದು ನಮೂದಿಸಿದ್ದರು. ಭೇಟಿಗಳಿಗೆ ಬಾರದಿದ್ದಾಗ ವಾಪಸು ಜೈಲಿಗೆ ಕರೆಸುವ ಕ್ರಮ ತಡವಾಯಿತು. ಪ್ರೊಬೇಷನ್ ಸೇವೆಯ ಅಂದಿನ ಮುಖ್ಯ ತನಿಖಾಧಿಕಾರಿ ಜಸ್ಟಿನ್ ರಸೆಲ್ 2023ರ ಜನವರಿಯ ವರದಿಯಲ್ಲಿ ಈ ಲೋಪಗಳ ಜೊತೆಗೆ ಸಿಬ್ಬಂದಿ ಕೊರತೆಯನ್ನೂ ಕೆಲಸದ ಒತ್ತಡವನ್ನೂ ಎತ್ತಿ ತೋರಿಸಿದರು. 2025ರಲ್ಲಿ ಅಲ್ಲಿನ ಸರ್ಕಾರ ಒಂದೇ ವರ್ಷದಲ್ಲಿ ಇನ್ನೂ 1,300 ತರಬೇತಿನಿರತ ಅಧಿಕಾರಿಗಳನ್ನು ಸೇರಿಸಿಕೊಳ್ಳುವುದಾಗಿ ಘೋಷಿಸಿತು. ಅನುಭವಿಗಳನ್ನು ಕಳೆದುಕೊಳ್ಳುವುದು ಸುಲಭ, ಅವರ ಜಾಗಕ್ಕೆ ಹೊಸಬರನ್ನು ಬೆಳೆಸಲು ವರ್ಷಗಳೇ ಬೇಕು. ಆ ಯುವತಿಯಂತೂ ಮರಳಿ ಬರುವುದಿಲ್ಲ.

ನಮ್ಮ ಅಧಿಕಾರಿಗಳ ಬದುಕನ್ನೂ ಒಮ್ಮೆ ನೋಡಿ. ವಾತ್ಸಲ್ಯ ಯೋಜನೆಯಡಿ ಕಾನೂನು ಮತ್ತು ಪರಿವೀಕ್ಷಣಾಧಿಕಾರಿಗೆ ನಿಗದಿಯಾದ ಮಾಸಿಕ ಸಂಭಾವನೆ 27,804 ರೂಪಾಯಿ. ಕಾನೂನು ಪದವಿ ಬೇಕು, ಅನುಭವ ಬೇಕು, ಹುದ್ದೆ ಮಾತ್ರ ಗುತ್ತಿಗೆಯದು. ಅವಧಿ ಮುಗಿಯುವ ಹೊತ್ತಿಗೆ ನವೀಕರಣವಾಗುತ್ತದೋ ಇಲ್ಲವೋ ಎಂಬ ಆತಂಕ. ಅನುದಾನ ಬರುವುದು ತಡವಾದರೆ ಸಂಬಳವೂ ತಡ. ಇಂಥವರು ಇನ್ನೊಬ್ಬರ ಮಗನಿಗೆ ಸ್ಥಿರವಾದ ಕೆಲಸ ಹುಡುಕಿಕೊಡಬೇಕು! ಬೇರೆ ಪರೀಕ್ಷೆ ಪಾಸಾದ ಕೂಡಲೇ ಅವರು ಹೊರಟುಹೋದರೆ ಅವರನ್ನು ದೂರಲಾರೆ. ಆದರೆ ಅವರು ಹೋದಾಗ ಯಾವ ಹುಡುಗ ಯಾವ ಗ್ಯಾರೇಜಿನಲ್ಲಿದ್ದಾನೆ, ಯಾವ ತಾಯಿ ಯಾರನ್ನು ನಂಬಿ ಬಾಯಿ ಬಿಟ್ಟಿದ್ದಳು ಎಂಬ ತಿಳಿವಳಿಕೆಯೂ ಅವರ ಜೊತೆ ಹೋಗುತ್ತದೆ. ಹೊಸಬರು ಬಂದು ಮತ್ತೆ ಮೊದಲಿನಿಂದ ಆರಂಭಿಸಬೇಕು. ನಂಬಿಕೆಯನ್ನು ಹೆಚ್ಚುವರಿ ಪ್ರಭಾರದಲ್ಲಿ ಕೊಡಲಾಗುವುದಿಲ್ಲ.

ಇಷ್ಟರ ನಡುವೆಯೂ ದುಡಿಯುತ್ತಿರುವವರಿದ್ದಾರೆ. ತಮ್ಮ ಕೈಯಿಂದ ಬಸ್‌ಚಾರ್ಜು ಹಾಕಿಕೊಂಡು ಹಳ್ಳಿಗೆ ಹೋಗುವವರಿದ್ದಾರೆ, ಭಾನುವಾರ ಕಡತ ಮನೆಗೆ ಒಯ್ಯುವವರಿದ್ದಾರೆ, ಹುಡುಗನ ಶಾಲೆಯ ಶುಲ್ಕಕ್ಕೆ ಪರಿಚಯದವರ ಬಳಿ ಕೈಚಾಚುವವರಿದ್ದಾರೆ. ಅವರಿಗೆ ನಾಡು ಋಣಿ. ಆದರೆ ಕೆಲವರ ಒಳ್ಳೆಯತನವನ್ನು ಹಿಂಡಿ ಒಂದು ಕಾಯ್ದೆಯನ್ನು ನಡೆಸುವುದು ಸರ್ಕಾರಕ್ಕೆ ಶೋಭೆಯಲ್ಲ. ದಣಿದ ಮನುಷ್ಯ ಒಂದಲ್ಲ ಒಂದು ದಿನ ಕಾಣಬೇಕಾದ್ದನ್ನು ಕಾಣದೆ ಹೋಗುತ್ತಾನೆ. ಆ ದಿನದ ತಪ್ಪಿನ ಹೊಣೆಯನ್ನು ಅವನೊಬ್ಬನ ತಲೆಗೆ ಕಟ್ಟಿ ಅಮಾನತು ಮಾಡಿದರೆ ನಮ್ಮ ಪಾಪ ತೊಳೆದುಹೋಗುವುದಿಲ್ಲ.

ಆದ್ದರಿಂದ ಸರ್ಕಾರವನ್ನು ಕೇಳುತ್ತೇನೆ. 31 ಜಿಲ್ಲೆಗಳ ಈ ರಾಜ್ಯದಲ್ಲಿ ಎಷ್ಟು ಪ್ರಕರಣಗಳಿಗೆ ಪರಿವೀಕ್ಷಣಾ ವರದಿ ಬೇಕಾಗುತ್ತದೆ ಎಂದು ಮೊದಲು ಎಣಿಸಿ, ಆ ಲೆಕ್ಕದ ಮೇಲೆ ಹುದ್ದೆ ಮಂಜೂರು ಮಾಡಿ. ಮಂಜೂರಾದ ಹುದ್ದೆಗಳನ್ನು ಕಾಯಂ ನೇಮಕಾತಿಯಿಂದ ತುಂಬಿ. ಈಗ ಗುತ್ತಿಗೆಯಲ್ಲಿ ಅನುಭವ ಗಳಿಸಿದವರಿಗೆ ಅದರಲ್ಲಿ ನ್ಯಾಯವಾದ ಆದ್ಯತೆ ಕೊಡಿ. ಒಬ್ಬ ಅಧಿಕಾರಿಯ ಕೈಯಲ್ಲಿ ಒಂದು ಹೊತ್ತಿಗೆ ಎಷ್ಟು ಕಡತ ಇರಬಹುದು ಎಂಬ ಮಿತಿಯನ್ನು ಆದೇಶದಲ್ಲಿ ಬರೆಯಿರಿ; ಮಿತಿ ದಾಟಿದ ದಿನ ಇನ್ನೊಬ್ಬರನ್ನು ಕೊಡಲೇಬೇಕು ಎಂದೂ ಬರೆಯಿರಿ. ಪ್ರಯಾಣದ ಖರ್ಚನ್ನು ತಿಂಗಳು ತಿಂಗಳು ಕೊಡಿ. ಮನೆ ಭೇಟಿಗೆ, ಮೇಲ್ವಿಚಾರಣೆಗೆ ಸಂಬಂಧಪಡದ ಕೆಲಸಗಳಿಂದ ಅವರನ್ನು ಬಿಡುಗಡೆ ಮಾಡಿ. ಆರ್ಥಿಕ ಇಲಾಖೆಯ ಸಹಮತಿ ಸಿಗಲಿಲ್ಲ ಎಂಬ ಮಾತನ್ನು ದಯವಿಟ್ಟು ಹೇಳಬೇಡಿ. ಒಬ್ಬ ಕೈದಿಯ ಊಟ, ಕಾವಲು, ಔಷಧ, ಕಟ್ಟಡ ಎಲ್ಲಕ್ಕೂ ಇದೇ ಖಜಾನೆ ಹಣ ಕೊಡುತ್ತದೆ. ಅವನು ಮತ್ತೆ ಮತ್ತೆ ಒಳಗೆ ಬಂದರೆ ಮತ್ತೆ ಮತ್ತೆ ಕೊಡುತ್ತದೆ.

ನ್ಯಾಯಾಧೀಶರಲ್ಲಿ ವಿನಂತಿ: ವರದಿ ಕೇಳಿ. ಬಾರದಿದ್ದರೆ ಯಾಕೆ ಬರಲಿಲ್ಲ, ಹುದ್ದೆ ಖಾಲಿ ಇದೆಯೇ ಎಂದು ಆದೇಶದ ಹಾಳೆಯಲ್ಲೇ ದಾಖಲಿಸಿ. ಪರಿವೀಕ್ಷಣಾ ಕಾಯ್ದೆಯ ಲಾಭ ಕೊಡಬಹುದಾದ ಕಡೆ ಕೊಡದಿದ್ದರೆ ವಿಶೇಷ ಕಾರಣ ಬರೆಯಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 402 ಹೇಳುತ್ತದೆ. ಅಧಿಕಾರಿ ಇಲ್ಲ ಎಂಬುದು ಆ ಹುಡುಗನಿಗೆ ವಿರುದ್ಧವಾದ ಕಾರಣವಾಗಬಾರದು. ವಕೀಲರಲ್ಲಿ ವಿನಂತಿ: ಶಿಕ್ಷೆಯ ಪ್ರಮಾಣದ ಮೇಲೆ ವಾದ ಮಾಡುವಾಗ ಬಡವ, ಒಬ್ಬನೇ ದುಡಿಯುವವ, ಕನಿಕರ ತೋರಿಸಿ ಎಂದು ಎರಡು ಮಾತಾಡಿ ಕೂರಬೇಡಿ. 1958ರ ಕಾಯ್ದೆಯನ್ನು ಕೈಯಲ್ಲಿ ಹಿಡಿದು ಸೆಕ್ಷನ್ 4 ಮತ್ತು 6ರ ಅಡಿ ಅರ್ಜಿ ಹಾಕಿ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲರಿಗೆ ಇದು ಇನ್ನೂ ಹೆಚ್ಚಾಗಿ ಸಲ್ಲುವ ಮಾತು, ಏಕೆಂದರೆ ನಿಮ್ಮ ಕಕ್ಷಿದಾರನಿಗೆ ನಿಮ್ಮನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ.

ಸಮಾಜಕಾರ್ಯ ಓದುತ್ತಿರುವ ತಂಗಿ ತಮ್ಮಂದಿರೇ, ಧಾರವಾಡದಿಂದ ಮಂಗಳೂರಿನ ರೋಶನಿ ನಿಲಯದವರೆಗೆ ಎಷ್ಟೋ ಕಡೆ ಎಂಎಸ್‌ಡಬ್ಲ್ಯೂ ಕಲಿಸುತ್ತಾರೆ. ನೀವು ಕಲಿತ ವಿದ್ಯೆಗೆ ಇದಕ್ಕಿಂತ ನೇರವಾದ ಬಳಕೆ ಇನ್ನೊಂದಿಲ್ಲ. ಇದೇ ಕೆಲಸ ಬೇಕು ಎಂದು ದನಿ ಎತ್ತಿ ಕೇಳಿ.

ಓದುಗರೇ, ನೀವೂ ಮಾಡಬಹುದಾದ್ದು ಇದೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ನಿಮ್ಮ ಜಿಲ್ಲೆಯಲ್ಲಿ ಪರಿವೀಕ್ಷಣಾಧಿಕಾರಿಗಳ ಮಂಜೂರಾದ ಹುದ್ದೆ ಎಷ್ಟು, ಅದರಲ್ಲಿ ಭರ್ತಿಯಾದದ್ದು ಎಷ್ಟು, ಕಳೆದ ವರ್ಷ ಕೇಳಿದ ವರದಿ ಎಷ್ಟು, 15 ದಿನಗಳೊಳಗೆ ಸಲ್ಲಿಸಿದ್ದು ಎಷ್ಟು ಎಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯನ್ನು ಕೇಳಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಂದ ಉತ್ತರವನ್ನು ನಿಮ್ಮ ಶಾಸಕರ ಕೈಗೆ ಕೊಟ್ಟು, ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಎತ್ತಿ ಎಂದು ಒತ್ತಾಯಿಸಿ. ಅವರು ಎತ್ತಿದರೋ ಇಲ್ಲವೋ ಎಂದು ವಿಚಾರಿಸಿ. ಎತ್ತದಿದ್ದರೆ ಮತ್ತೆ ಹೋಗಿ ಕೇಳಿ. ಸಿರಿವಂತರ ಮಗ ತಪ್ಪು ಮಾಡಿದರೆ ಅವನ ಪರ ಮಾತಾಡಲು ಹತ್ತು ಜನ ಇರುತ್ತಾರೆ. ಬಡವರ ಮಗನ ಪರ ಮಾತಾಡಲು ಕಾನೂನು ಒಬ್ಬರನ್ನು ಕೊಟ್ಟಿದೆ. ಆ ಒಬ್ಬರನ್ನಾದರೂ ನೇಮಿಸಿ ಎಂದು ಕೇಳುವುದು ನಮ್ಮೆಲ್ಲರ ಕರ್ತವ್ಯ. ಇಂದೇ ಕೇಳಿ.